5,900 ರೂಪಾಯಿಯ ಸಮಾಧಾನ

ನಮ್ಮ ವಾಷಿಂಗ್ ಮೆಷಿನ್‌ಗೆ ಬಿಲ್ಲಿನಲ್ಲಿ 33,500 ರೂಪಾಯಿ. ಎಕ್ಸ್‌ಟೆಂಡೆಡ್ ವಾರಂಟಿಗೆ 5,900. ಎರಡು ವರ್ಷ ದಾಟಿದ ಮೇಲೆ ಪಿಸಿಬಿ, ಅಂದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು, ಬದಲಿಸಲು ತೆತ್ತದ್ದು 9,499. ಅಲ್ಲಿಗೆ 48,899 ಆಯಿತು. ಇಷ್ಟಕ್ಕೆ ಮನೆಯಲ್ಲಿ ಉಳಿದಿರುವುದು ನೀರು ತುಂಬಿಸಿಕೊಂಡು, ನಾಲ್ಕು ಸುತ್ತು ತಿರುಗಿ, ಬಟ್ಟೆಯನ್ನೂ ಬಿಡದೆ ಬಾಗಿಲನ್ನೂ ತೆರೆಯದೆ ಪೀಂ ಪೀಂ ಎನ್ನುವ ಒಂದು ಡಬ್ಬ. ಲಾಂಡ್ರಿಯವನಿಗೆ ಕೊಟ್ಟ ದುಡ್ಡನ್ನು ನಾನಿನ್ನೂ ಸೇರಿಸಿಲ್ಲ. ಅತ್ತೆ ಮಾತ್ರ ಸೇರಿಸಿಯೇ ಮಾತಾಡುತ್ತಾರೆ: "ಇಷ್ಟು ರೊಕ್ಕದಾಗ ಬಟ್ಟಿ ಒಗಿಯಾಕಿನ್ನ ಇಟ್ಕೊಂಡಿದ್ರ ಆಕಿ ಮಗಳ ಮದುವಿ ಆಗ್ತಿತ್ತು."

ಮೆಷಿನ್ ಬಂದದ್ದು ಗುಡಿ ಪಾಡ್ವಾಕ್ಕೆ. ನಮಗೆ ಅದು ಯುಗಾದಿ, ಪುಣೆಯ ಅಂಗಡಿಗಳಿಗೆ ಸುಗ್ಗಿ. ವಾಘೋಲಿಯ ನಮ್ಮ ಸೊಸೈಟಿಗೆ ವರ್ಷದ ಬಹುಭಾಗ ಟ್ಯಾಂಕರ್ ನೀರೇ ಗತಿ. ಮೊದಲ ವರ್ಷ ತುಂಬುವ ಮುಂಚೆಯೇ ಡ್ರೈನ್ ಪಂಪ್ ನಿಂತಿತು. ಆಮೇಲೆ ನೀರು ಬಿಡುವ ವಾಲ್ವ್, ಅದರ ಹಿಂದೆಯೇ ಡೋರ್ ಲಾಕ್. ಎಲ್ಲವೂ ವಾರಂಟಿಯೊಳಗೆ, ಎಲ್ಲವೂ ಪುಕ್ಕಟೆ. ಹೀಗೆ ಪುಕ್ಕಟೆಯಾಗಿ ರಿಪೇರಿ ಮಾಡಿಕೊಡುವವರ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಮೋಟರ್‌ಗೆ 10 ವರ್ಷದ ವಾರಂಟಿ ಎಂದು ಮೆಷಿನ್ನಿನ ನೆತ್ತಿಯ ಮೇಲೆ ದೊಡ್ಡ ಸ್ಟಿಕ್ಕರ್ ಬೇರೆ ಇತ್ತು. ಆ ಮೋಟರ್ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಕೆಡದ ಭಾಗಕ್ಕೆ ಹತ್ತು ವರ್ಷ, ಕೆಡುವ ಭಾಗಗಳಿಗೆ ಎರಡು ವರ್ಷ ವಾರಂಟಿ ಕೊಡುವ ಜಾಣತನವನ್ನು ಮೆಚ್ಚಲೇಬೇಕು.

ಎರಡು ವರ್ಷ ಕಳೆದು ಮೂರನೆಯದಕ್ಕೆ ಕಾಲಿಟ್ಟಾಗ ಪಿಸಿಬಿ ಸತ್ತಿತು. ಸರಿ, ಈಗಲಾದರೂ ಆ 5,900 ಕೆಲಸಕ್ಕೆ ಬರುತ್ತದೆ ಎಂದುಕೊಂಡೆವು. ವಾರಂಟಿ ಮಾರಿದ್ದು ಮೆಷಿನ್ ಮಾಡಿದ ಕಂಪನಿಯಲ್ಲ, ಅಂಗಡಿಯವನ ಜೊತೆ ಕೈಜೋಡಿಸಿದ ಮತ್ತೊಂದು ಕಂಪನಿ. ಅವರು ಕಳಿಸಿದ ಹುಡುಗ ನಲ್ಲಿ ತಿರುಗಿಸಿ ನೀರು ನೋಡಿದ, ಮೀಟರ್ ಅದ್ದಿ ಫೋಟೋ ತೆಗೆದ, "ಮ್ಯಾಡಮ್, ಪಾಣೀ ಜಡ್ ಆಹೇ" ಎಂದ. ನೀರು ಗಡಸು. ಜೊತೆಗೆ ವೋಲ್ಟೇಜ್ ಏರಿಳಿತ. ಎರಡೂ ಷರತ್ತಿನ ಪುಸ್ತಕದಲ್ಲಿ 'ಅನ್ವಯಿಸುವುದಿಲ್ಲ' ಪಟ್ಟಿಯಲ್ಲಿವೆ. ಕ್ಲೇಮು ತಿರಸ್ಕೃತ. ಮೆಷಿನ್ ಕಂಪನಿಯ ಸರ್ವಿಸ್ ಸೆಂಟರಿನಿಂದ ಬಂದ ಬಿಲ್ಲು ಹೀಗಿತ್ತು: ಬೋರ್ಡಿಗೆ 7,200, ಕೂಲಿ 850, ಮೇಲೆ 18% ಜಿಎಸ್‌ಟಿ 1,449.

ನೀರಿನ ವಿಷಯ ಇಲ್ಲಿಗೇ ಮುಗಿಸಿಬಿಡುತ್ತೇನೆ. ವಾಘೋಲಿ, ಉಂಡ್ರಿ, ಪಿಸೋಳಿ ಕಡೆಯ ಹೊಸ ಕಟ್ಟಡಗಳಲ್ಲಿ ಬೋರ್‌ವೆಲ್ಲು, ಟ್ಯಾಂಕರುಗಳ ನೀರೇ ಹರಿಯುವುದು ಎಂಬುದು ಪುಣೆಯಲ್ಲಿ ಮಗುವಿಗೂ ಗೊತ್ತು. ಅದೇ ಪಿನ್‌ಕೋಡಿಗೆ ಮೆಷಿನ್ ತಲುಪಿಸಿ, ಅದೇ ಪಿನ್‌ಕೋಡಿಗೆ ವಾರಂಟಿ ಮಾರಿ, ಕೆಟ್ಟ ಮೇಲೆ ನಿಮ್ಮ ನೀರು ಸರಿಯಿಲ್ಲ ಅನ್ನುವುದಾದರೆ ಮಾರುವ ದಿನವೇ ನೀರು ನೋಡಬೇಕಿತ್ತು. ಅವತ್ತು ನೋಡಿದ್ದು ನಮ್ಮ ಕಾರ್ಡು ಮಾತ್ರ.

ಈಗ ಲೆಕ್ಕ. ಕ್ಲೇಮು ಒಪ್ಪಿಕೊಂಡೇ ಬಿಟ್ಟಿದ್ದರು ಎಂದು ಇಟ್ಟುಕೊಳ್ಳೋಣ. ಆಗಲಾದರೂ ಈ ವಾರಂಟಿ ಲಾಭವೇ?

5,900ರಲ್ಲಿ 900 ಜಿಎಸ್‌ಟಿ, ಅದು ಮೊದಲ ದಿನವೇ ಹೋಯಿತು. ಉಳಿದ 5,000ದಲ್ಲಿ ಅಂಗಡಿಯವನ ಕಮಿಷನ್ ಕಳೆದು ವಾರಂಟಿ ಕಂಪನಿಗೆ ದಕ್ಕುವುದು ಎಷ್ಟೋ, ನಮಗೆ ಬೇಡ. ನಾವು ಕೊಟ್ಟದ್ದು 5,900, ಅದೂ ಖರೀದಿಯ ದಿನವೇ. ರಕ್ಷಣೆ ಶುರುವಾಗುವುದು ಎರಡು ವರ್ಷದ ನಂತರ, ಏಕೆಂದರೆ ಅಲ್ಲಿಯ ತನಕ ಕಂಪನಿಯ ವಾರಂಟಿಯೇ ಇದೆ. ಈ ದುಡ್ಡನ್ನು 7%ಕ್ಕೆ ಎಫ್‌ಡಿಯಲ್ಲಿ ಇಟ್ಟಿದ್ದರೆ, ವರ್ಷಕ್ಕೊಮ್ಮೆ ಚಕ್ರಬಡ್ಡಿ ಹಿಡಿದರೂ, ಒಂದು ವರ್ಷಕ್ಕೆ 6,313, ಎರಡನೆಯ ವರ್ಷದ ಕೊನೆಗೆ 6,755. ರಕ್ಷಣೆಯ ಮೂರು ವರ್ಷದ ನಡುಮಧ್ಯದಲ್ಲಿ, ಅಂದರೆ ಖರೀದಿಯಾಗಿ ಮೂರೂವರೆ ವರ್ಷಕ್ಕೆ ಮೆಷಿನ್ ಕೆಟ್ಟಿತು ಎಂದುಕೊಂಡರೆ ಸುಮಾರು 7,475. ವಾರಂಟಿಯ ನಿಜವಾದ ಬೆಲೆ ಅದು.

ಇದರ ಎದುರಿಗೆ ರಿಪೇರಿ ಖರ್ಚು ಇಡಿ. ಸರ್ವಿಸ್ ಸೆಂಟರಿನವರೇ ಹೇಳಿದ ದರದಲ್ಲಿ ಡ್ರೈನ್ ಪಂಪ್‌ಗೆ 2,200, ವಾಲ್ವ್‌ಗೆ 1,500, ಡೋರ್ ಲಾಕ್‌ಗೆ 1,700. ಮೂರೂ ಕೆಟ್ಟು, ಮೂರೂ ಕ್ಲೇಮು ಪಾಸಾದರೂ 5,400. ಎಫ್‌ಡಿಗಿಂತ ಎರಡು ಸಾವಿರ ಕಡಿಮೆಯೇ. ಉಳಿದದ್ದು ಪಿಸಿಬಿ ಒಂದೇ. ಅದು ಕೆಟ್ಟರೆ 9,499 ಉಳಿತಾಯ. 7,475ನ್ನು 9,499ರಿಂದ ಭಾಗಿಸಿದರೆ 0.79. ಅಂದರೆ ಇಂಥ ನೂರು ಮೆಷಿನ್‌ಗಳಲ್ಲಿ 79ರ ಪಿಸಿಬಿ ಮೂರರಿಂದ ಐದನೇ ವರ್ಷದೊಳಗೆ ಕೆಡಬೇಕು, ಆ 79 ಕ್ಲೇಮುಗಳೂ ನೀರು, ವೋಲ್ಟೇಜು, ಇಲಿ ಯಾವ ನೆಪವೂ ಇಲ್ಲದೆ ಪಾಸಾಗಬೇಕು. ಆಗ ನಮಗೆ ಅಸಲು ಗಿಟ್ಟೀತು.

ನೂರಕ್ಕೆ 79 ಕೆಡುವ ಮೆಷಿನ್‌ಗೆ ವಾರಂಟಿ ಮಾರುವಷ್ಟು ದಡ್ಡ ಕಂಪನಿ ಈ ದೇಶದಲ್ಲಿಲ್ಲ. ಅಷ್ಟು ಕೆಡುವುದೇ ಆಗಿದ್ದರೆ ಅದು ವಿಮೆ ಮಾಡಿಸಿಕೊಳ್ಳುವ ಅಪಾಯವೇ ಅಲ್ಲ, ಮಾಲಿನಲ್ಲೇ ಇರುವ ದೋಷ. ದೋಷದ ಮಾಲಿಗೆ ಹೊಣೆ ಅದನ್ನು ಮಾಡಿದವನು, ಮಾರಿದವನು. ಆ ಹೊಣೆಗೆ ನಾವು ಜೇಬಿನಿಂದ ಕಂತು ಕಟ್ಟುವುದು ಯಾವ ನ್ಯಾಯ? ಒಳ್ಳೆಯ ಮೆಷಿನ್‌ಗೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕಿಲ್ಲ, ಕೆಟ್ಟ ಮೆಷಿನ್‌ಗೆ ಅದು ಸಾಲುವುದಿಲ್ಲ. ಬಿಲ್ಲಿಂಗ್ ಕೌಂಟರಿನಲ್ಲಿ, ಕಾರ್ಡು ಕೈಯಲ್ಲಿ ಹಿಡಿದು ನಿಂತಾಗ, "ದಿನಕ್ಕೆ ಆರು ರೂಪಾಯಿಯೂ ಬೀಳಲ್ಲ ಮ್ಯಾಡಮ್" ಎಂದು ಅದನ್ನು ಮಾರುತ್ತಾರೆ. ಮಾರಲು ಬೇರೆ ಜಾಗವೂ ಇಲ್ಲ. ಮನೆಗೆ ಹೋಗಿ ಕಾಗದ ಪೆನ್ನು ಹಿಡಿದವರು ಯಾರೂ ಅದನ್ನು ಕೊಳ್ಳಲು ಮರಳಿ ಬರುವುದಿಲ್ಲ.

ಇಷ್ಟೇ ಆಗಿದ್ದರೆ ಹೋಯಿತು 5,900 ಎಂದು ಸುಮ್ಮನಾಗಬಹುದಿತ್ತು. ಇದರಲ್ಲಿ ಇನ್ನೊಂದು ಹಾನಿ ಇದೆ, ಅದು ರೂಪಾಯಿಯಲ್ಲಿ ಕಾಣುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 69ನೇ ಕಲಮಿನ ಪ್ರಕಾರ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬೇಕು. ಕಂಪನಿಯ ಪುಕ್ಕಟೆ ರಿಪೇರಿಯೂ ಎರಡು ವರ್ಷ. ಒಂದೊಂದು ಸಲ ಕೆಟ್ಟಾಗಲೂ ಬಿಡಿಭಾಗ ಬದಲಿಸಿಕೊಂಡು, ಮುಂದೆ ಹೇಗೂ ಇನ್ನೂ ಮೂರು ವರ್ಷ ರಕ್ಷಣೆ ಇದೆಯಲ್ಲ ಎಂದು ಕೂತವರ ಪಾಲಿಗೆ ಆ ಗಡುವು ಸದ್ದಿಲ್ಲದೆ ಸವೆಯುತ್ತದೆ. ಕಡೆಗೆ ಆಯೋಗಕ್ಕೆ ಹೋದರೆ, ದೋಷ ಮೊದಲು ಕಂಡದ್ದು ಯಾವಾಗ ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ. ತಡವಾದದ್ದಕ್ಕೆ ತಕ್ಕ ಕಾರಣ ಕೊಟ್ಟರೆ ಆಯೋಗ ಮನ್ನಿಸಬಹುದು. ಆದರೆ ಆ ವಾದವನ್ನೂ ನಾವೇ ಗೆಲ್ಲಬೇಕು.

"ಪದೇ ಪದೇ ಕೆಡುತ್ತಿದೆ, ಬೇರೆ ಮೆಷಿನ್ ಕೊಡಿ" ಎಂದರೆ ಕಂಪನಿಯವರ ಬಾಯಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಾರಂಟಿಯಲ್ಲಿ ಕೆಟ್ಟ ಭಾಗ ಬದಲಿಸುತ್ತೇವೆ ಎಂದಷ್ಟೇ ಇದ್ದರೆ ಇಡೀ ಕಾರನ್ನೇ ಬದಲಿಸಿ ಕೊಡಿ ಎನ್ನಲಾಗದು ಎಂದಿತು. ವಾಷಿಂಗ್ ಮೆಷಿನ್, ಫ್ರಿಜ್, ಎಸಿ ಎಲ್ಲದಕ್ಕೂ ಈ ತೀರ್ಪನ್ನೇ ಮುಂದೆ ಹಿಡಿಯುತ್ತಾರೆ. ಆದರೆ 2010ರಲ್ಲಿ ಅದೇ ಕೋರ್ಟು ಫಿಯಟ್ ಕಾರಿನ ಪ್ರಕರಣದಲ್ಲಿ, ಸ್ವತಂತ್ರ ತಜ್ಞರು ಪರೀಕ್ಷಿಸಿ ತಯಾರಿಕೆಯಲ್ಲೇ ದೋಷ ಇದೆ ಎಂದರೆ ಪೂರ್ತಿ ಹಣ ಬಡ್ಡಿ ಸಮೇತ ಹಿಂತಿರುಗಿಸಬೇಕು ಎಂದಿತು. ಎರಡು ತೀರ್ಪುಗಳ ನಡುವೆ ಇರುವುದು ಪುರಾವೆ. ದೋಷ ಇಂಥ ಭಾಗದ್ದಲ್ಲ, ಹುಟ್ಟಿನಿಂದಲೇ ಬಂದದ್ದು ಎಂದು ತೋರಿಸುವ ಭಾರ ಕೊಂಡವರ ಮೇಲೆ. 2019ರ ಕಾಯ್ದೆಯ 38ನೇ ಕಲಮಿನಲ್ಲಿ ಆಯೋಗವೇ ಲ್ಯಾಬ್ ಪರೀಕ್ಷೆಗೆ ಕಳಿಸಬಹುದು, ಶುಲ್ಕ ಮೊದಲು ನಾವು ಕಟ್ಟಬೇಕು.

ಪುರಾವೆಯೆಂದರೆ ಜಾಬ್ ಶೀಟು. ನಮ್ಮ ಜನ ಚಿನ್ನದ ರಸೀದಿಯನ್ನು ಬೀರುವಿನಲ್ಲಿ ಇಡುತ್ತಾರೆ, ರಿಪೇರಿಯ ಚೀಟಿಯಲ್ಲಿ ಮಕ್ಕಳಿಗೆ ದೋಣಿ ಮಾಡಿಕೊಡುತ್ತಾರೆ. ಈಗಂತೂ ಚೀಟಿಯೂ ಇಲ್ಲ, ಬರೀ ಒಟಿಪಿ. ಹುಡುಗ ಬರುತ್ತಾನೆ, ಮೆಷಿನ್ ತೆರೆಯುತ್ತಾನೆ, "ಪಾರ್ಟ್ ಬರಬೇಕು, ಕಾಲ್ ಕ್ಲೋಸ್ ಮಾಡಬೇಕು, ಒಟಿಪಿ ಹೇಳಿ" ಎನ್ನುತ್ತಾನೆ. ಪಾಪ, ಅವನಿಗೂ ಮೇಲಿನವರ ಟಾರ್ಗೆಟ್ಟು. ಆದರೆ ನೀವು ಒಟಿಪಿ ಹೇಳಿದ ಕ್ಷಣ ಕಂಪನಿಯ ದಾಖಲೆಯಲ್ಲಿ ಮೆಷಿನ್ ಸರಿಹೋಯಿತು, ಗ್ರಾಹಕರು ಸಂತುಷ್ಟರು. ಪಾರ್ಟ್ ಬಂದ ಮೇಲೆ ಹೊಸ ದೂರು, ಹೊಸ ನಂಬರು. ಮೂರು ಸಲ ಕೆಟ್ಟ ಒಂದೇ ಮೆಷಿನ್ ಹೀಗೆ ಸಂಬಂಧವಿಲ್ಲದ ಮೂರು ಸಣ್ಣ ದೂರುಗಳಾಗಿ ಚೂರಾಗುತ್ತದೆ. ಆದ್ದರಿಂದ ಮೆಷಿನ್ ಒಂದು ಪೂರ್ತಿ ಸುತ್ತು ಓಡುವ ತನಕ ಒಟಿಪಿ ಕೊಡಬೇಡಿ. ಏನು ಕೆಟ್ಟಿತ್ತು, ಏನು ಬದಲಾಯಿತು ಎಂದು ಬರೆಸಿ ಸಹಿ ಹಾಕಿಸಿ. ಬರೆಯಲು ಒಲ್ಲೆ ಎಂದರೆ ಅದನ್ನೇ ಕಂಪನಿಗೆ ಇಮೇಲ್ ಮಾಡಿ. ಬಿಚ್ಚಿದ ಹಳೆಯ ಪಾರ್ಟಿನ ಫೋಟೋ ತೆಗೆದಿಡಿ. ಫೋನಿನಲ್ಲಿ ಜಗಳವಾಡಿ ಗಂಟಲು ಹರಿದುಕೊಳ್ಳುವವರನ್ನು ಕಂಡರೆ ನನಗೆ ಮರುಕ. ಆ ಅರ್ಧ ಗಂಟೆಯಲ್ಲಿ ಎರಡು ಇಮೇಲ್ ಬರೆಯಬಹುದು, ಫೋನಿನ ಕೂಗಾಟವನ್ನು ಯಾವ ಆಯೋಗದ ಮುಂದೆ ಇಡುತ್ತೀರಿ? ನಮ್ಮಲ್ಲಿ ಸಂಭಾವಿತರೆನಿಸಿಕೊಳ್ಳುವ ಚಟವೊಂದಿದೆ: ಬಂದ ಹುಡುಗನಿಗೆ ಚಹಾ ಕೊಡುತ್ತೇವೆ, ಸಹಿ ಕೇಳಲು ನಾಚುತ್ತೇವೆ. ಚಹಾ ಕೊಡಿ, ಸಹಿಯನ್ನೂ ಕೇಳಿ.

ಪುಣೆಯಲ್ಲಿ ಕೂತು ಇದನ್ನು ಬರೆಯಬೇಕಾಗಿ ಬಂದದ್ದೇ ಒಂದು ವಿಪರ್ಯಾಸ. 1974ರಲ್ಲಿ ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತ್ ಕಟ್ಟಿದ್ದು ಇದೇ ಊರಿನಲ್ಲಿ. ದೇಶಕ್ಕೆ ಗ್ರಾಹಕ ಕಾಯ್ದೆ ಬಂದದ್ದು ಅದಾಗಿ 12 ವರ್ಷಕ್ಕೆ, 1986ರ ಡಿಸೆಂಬರ್ 24ರಂದು. ಹಳೆಯ ಕಾಯ್ದೆಯಲ್ಲಿ ಒಂದು ತೊಡಕಿತ್ತು. ಎದುರು ಪಕ್ಷದ ಕಚೇರಿ ಇರುವಲ್ಲಿ, ಇಲ್ಲವೇ ದೂರಿಗೆ ಕಾರಣ ಹುಟ್ಟಿದಲ್ಲಿ ಮಾತ್ರ ದೂರು ಕೊಡಬಹುದಿತ್ತು. ಧಾರವಾಡದಲ್ಲಿ ಕೊಂಡ ಫ್ರಿಜ್ಜನ್ನು ಲಾರಿಗೇರಿಸಿ ಪುಣೆಗೆ ಬಂದ ನಮ್ಮಂಥವರು ಅದು ಕೆಟ್ಟರೆ ಬಸ್ಸು ಹತ್ತುವ ಯೋಚನೆಯಲ್ಲೇ ಸೋಲುತ್ತಿದ್ದರು. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ಮಾಲಿನ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುವುದು ಒಳ್ಳೆಯದು, ಬಹಳಷ್ಟು ಕಂಪನಿಗಳು ಆ ಹಂತದಲ್ಲೇ ಮೆತ್ತಗಾಗುತ್ತವೆ.

ಪಿಸಿಬಿಯನ್ನು ಬುಧವಾರ ಪೇಟೆಯ ತಪ್ಕೀರ್ ಗಲ್ಲಿಗೆ ಒಯ್ದು ಅಗ್ಗವಾಗಿ ರಿಪೇರಿ ಮಾಡಿಸಿ ಎಂದು ಗೆಳತಿಯರು ಹೇಳುತ್ತಾರೆ. ವಾರಂಟಿ ಮುಗಿದ, ಜಗಳ ಬೇಡದ ಮೆಷಿನ್‌ಗೆ ಅದೇ ಸರಿ. ದೂರು ಕೊಡುವ ಉದ್ದೇಶವಿದ್ದರೆ ಹೊರಗಿನ ಕೈ ತಾಗಿಸಬೇಡಿ. ತಾಗಿಸಿದರೆ ದೋಷವೆಲ್ಲ ಆ ಕೈಯದ್ದಾಗುತ್ತದೆ.

ನಾವು ನೋಟಿಸು ಕೊಟ್ಟದ್ದು ಮೂವರಿಗೂ: ಮೆಷಿನ್ ಮಾಡಿದವರು, ಮಾರಿದ ಅಂಗಡಿ, ವಾರಂಟಿ ಕಂಪನಿ. ಒಬ್ಬರನ್ನು ಬಿಟ್ಟರೆ ಉಳಿದಿಬ್ಬರು ಆ ಬಿಟ್ಟವರತ್ತಲೇ ಬೆರಳು ತೋರಿಸುತ್ತಾರೆ. ನೋಟಿಸು ತಲುಪಿದ್ದೇ ತಡ, ಮೆಷಿನ್ ಕಂಪನಿಯಿಂದ ಜೇನಿನಂಥ ದನಿಯ ಫೋನ್ ಬಂತು. "ನಿಮಗೆಂದೇ ವಿಶೇಷ ಕೊಡುಗೆ, ಹೊಸ ಮೆಷಿನ್ 40% ರಿಯಾಯಿತಿಗೆ." ಯಾವುದರ ಮೇಲೆ 40%? ಎಂಆರ್‌ಪಿ ಮೇಲೆ. ಎಂಆರ್‌ಪಿ 52,990, ರಿಯಾಯಿತಿ ಕಳೆದು 31,794. ಅದೇ ಮಾಡೆಲ್ ಅಂಗಡಿಯಲ್ಲಿ ಯಾರು ಹೋಗಿ ಕೇಳಿದರೂ 33,990ಕ್ಕೆ ಸಿಗುತ್ತದೆ. ವಿಶೇಷ ಕೊಡುಗೆ ಅಂದರೆ 2,196 ರೂಪಾಯಿ. ಅದಕ್ಕೆ ಪ್ರತಿಯಾಗಿ ಹಳೆಯ ಮೆಷಿನ್, ಅಂದರೆ ನಮ್ಮ ಕೈಲಿರುವ ಒಂದೇ ಸಾಕ್ಷಿ, ಅವರಿಗೆ ಒಪ್ಪಿಸಬೇಕು. ಜೊತೆಗೆ ಇನ್ನು ಯಾವ ತಕರಾರೂ ಇಲ್ಲ ಎಂದು ಸಹಿ.

ಸಹಿ ಹಾಕಲಿಲ್ಲ. ಇ-ಜಾಗೃತಿ ಪೋರ್ಟಲ್ಲಿನಲ್ಲಿ ದೂರು ಏರಿಸಿದ್ದೇವೆ. ಕೇಳಿರುವುದು ಮೆಷಿನ್ನಿನ 33,500, ವಾರಂಟಿಯ 5,900, ಪಿಸಿಬಿಯ 9,499, ಇವುಗಳ ಮೇಲೆ ಬಡ್ಡಿ, ಆಮೇಲೆ ಪರಿಹಾರವೆಂದು ಆಯೋಗಕ್ಕೆ ತೋಚಿದ್ದು. ಕಾಯ್ದೆಯ ಪ್ರಕಾರ ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನವಾಗಬೇಕು. ಅಷ್ಟರಲ್ಲೇ ಆಗಿಬಿಡುತ್ತದೆ ಎಂದು ನಾನೇನೂ ಕಾದು ಕೂತಿಲ್ಲ, ಅತ್ತೆ ಒಂದು ಸಾದಾ ಸೆಮಿ-ಆಟೋಮ್ಯಾಟಿಕ್ ಮೆಷಿನ್ ತರಿಸಿಯಾಗಿದೆ, ಎಕ್ಸ್‌ಟೆಂಡೆಡ್ ವಾರಂಟಿ ಇಲ್ಲದೆ. ಆದರೆ ಗಡುವು ನಮಗೊಬ್ಬರಿಗೇ ಅಲ್ಲ. ದೂರಿನ ಪ್ರತಿ ಕೈಸೇರಿದ 30 ದಿನದೊಳಗೆ ಎದುರು ಪಕ್ಷದವರು ಉತ್ತರ ಕೊಡಬೇಕು, ಆಯೋಗ ಒಪ್ಪಿದರೆ ಇನ್ನು 15 ದಿನ. ಅದರ ಮೇಲೆ ಒಂದು ದಿನವನ್ನೂ ಕೊಡುವ ಅಧಿಕಾರ ಆಯೋಗಕ್ಕಿಲ್ಲ ಎಂದು ಹಳೆಯ ಕಾಯ್ದೆಯ ಇದೇ ನಿಯಮದ ಬಗ್ಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ಹೇಳಿದೆ.