ಟ್ಯಾಂಕಿಗೊಂದು ನಾರಿನ ಹೊದಿಕೆ

ಜುಲೈ ಬಂತೆಂದರೆ ಜುಫೈರಿನಲ್ಲಿ ತಣ್ಣೀರಿನ ನಲ್ಲಿಯೇ ಕೈ ಸುಡುತ್ತದೆ. ಗೀಸರ್ ಆಫ್ ಮಾಡಿ, ಅದರೊಳಗೆ ನಿಂತು ತಣಿದ ನೀರಲ್ಲಿ ಸ್ನಾನ ಮಾಡ್ತೇವೆ! ತಾರಸಿಯ ಟ್ಯಾಂಕು, ಪೈಪುಗಳು ದಿನವಿಡೀ ಬಿಸಿಲಲ್ಲಿ ಕಾಯುವುದೇ ಇದಕ್ಕೆ ಕಾರಣ. ಖರ್ಜೂರದ ಮರದ ನಾರನ್ನು ಸುತ್ತಬಹುದಲ್ವಾ? ಇಲ್ಲಿನ ಹಳೆಯ ಬರಸ್ತಿ ಮನೆಗಳನ್ನು ಆ ಮರದ ಗರಿಯಿಂದಲೇ ಕಟ್ಟುತ್ತಿದ್ದರು. ನಮ್ಮ ತಿಪಟೂರು ಕಡೆಯ ತೆಂಗಿನ ನಾರೂ ಆದೀತು.

ಶಾಖವನ್ನು ಮುಖ್ಯವಾಗಿ ತಡೆಯುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಹಾಗಾಗಿ ಚೆನ್ನಾಗಿ ಒಣಗಿದ ನಾರನ್ನು ಬಿಡಿಸಿ, ಎರಡು ಅಂಗುಲ ದಪ್ಪಕ್ಕೆ ಸುತ್ತಬೇಕು. ಅದುಮಿ ಬಿಗಿದರೆ ಕೆಟ್ಟಿತು. ನೀರು ಗಾಳಿಗಿಂತ ಸುಮಾರು 23 ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ. ಕಡಲಿನ ತೇವ ಒಳಗಿಳಿದರೆ ಸುತ್ತಿದ್ದೆಲ್ಲ ದಂಡ. ಮೇಲೆ ಅಲ್ಯುಮಿನಿಯಂ ಹಾಳೆ ಹೊದಿಸಿ, ಸಂದುಗಳಿಗೆ ಟೇಪ್ ಅಂಟಿಸಲೇಬೇಕು. ನಾರು ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ, ವಿದ್ಯುತ್ ವೈರಿನಿಂದ ದೂರವಿರಲಿ. ಇಷ್ಟಾದರೂ ನೀರು ತಂಪಾಗುವುದಿಲ್ಲ, ಕಾಯುವುದು ನಿಧಾನವಾಗುತ್ತದೆ ಅಷ್ಟೆ. ಬೆಳಗಿನ ಸ್ನಾನಕ್ಕೆ ನಮಗೆ ಅಷ್ಟೇ ಸಾಕು.