ಕಬ್ಬಿನ ಕೋಶದೊಳಗಿನ ಮನೆವಾರ್ತೆ

‘ಕೋಶ’ ಎಂಬ ಸಂಸ್ಕೃತ ಶಬ್ದಕ್ಕೆ ಭಂಡಾರ, ಒರೆ, ನಿಘಂಟು ಎಂಬ ಅರ್ಥಗಳುಂಟು. ಜೀವಿಯ ಕಿರುಘಟಕಕ್ಕೂ ಇದೇ ಹೆಸರು ಸಂದಿರುವುದು ಎಷ್ಟು ಉಚಿತವೆಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಕಬ್ಬಿನ ಜಲ್ಲೆಯೊಂದೇ ತೋರಿಸಿಕೊಡಬಲ್ಲುದು.

ಬ್ಯಾಕ್ಟೀರಿಯದ ಕೋಶವು ಒಂದೇ ಅಂಕಣದ ಗುಡಿಸಲಿನಂತೆ. ಅಡುಗೆ, ಉಗ್ರಾಣ, ಮಲಗುವ ಎಡೆ ಎಲ್ಲವೂ ಒಂದೆಡೆ. ಕಬ್ಬಿನ ಕೋಶವಾದರೋ ತೊಟ್ಟಿಮನೆಯನ್ನು ಹೋಲುತ್ತದೆ. ತೆಳುಪೊರೆಗಳೇ ಅದರ ಗೋಡೆಗಳು. ಕೋಶಕೇಂದ್ರದಲ್ಲಿ ವಂಶದ ಬರಹವಾದ ಡಿ.ಎನ್.ಎ. ಸುರಕ್ಷಿತವಾಗಿರುತ್ತದೆ. ಎಲೆಯ ಕೋಶಗಳಲ್ಲಿನ ಪತ್ರಹರಿತ್ತಿನ ಕಣಗಳು ಬಿಸಿಲನ್ನು ಹಿಡಿದು ಆಹಾರವನ್ನು ಸಿದ್ಧಪಡಿಸುತ್ತವೆ. ಮೈಟೊಕಾಂಡ್ರಿಯಗಳು ಆ ಆಹಾರದಿಂದ ಶಕ್ತಿಯನ್ನು ಬಿಡಿಸಿಕೊಡುತ್ತವೆ. ಗಾಲ್ಗಿ ಸಂಕೀರ್ಣವು ಪ್ರೋಟೀನುಗಳನ್ನು ವಿಂಗಡಿಸಿ ಕಳುಹುತ್ತದೆ. ಇಷ್ಟು ಕೋಣೆಗಳ ನಡುವೆ ಪ್ರೋಟೀನು ದಾರಿ ತಪ್ಪದಿರುವುದೆಂತು? ಸೇರಬೇಕಾದ ಎಡೆಯ ಗುರುತು ಅದರ ರಚನೆಯಲ್ಲಿಯೇ ಅಡಗಿರುತ್ತದೆ. ಈ ತತ್ತ್ವವನ್ನು ಶೋಧಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಜಲ್ಲೆಯ ಸಿಹಿಯೆಲ್ಲ ಬಹುಮಟ್ಟಿಗೆ ನೆಲೆಸಿರುವುದು ರಸದಾನಿಯೆಂಬ ಕೋಣೆಯಲ್ಲಿ. ಬಲಿತ ಕೋಶದ ಹೆಚ್ಚಿನ ಭಾಗವನ್ನು ಇದೊಂದೇ ಆಕ್ರಮಿಸಿರುತ್ತದೆ. ಎಳೆಯ ಕಬ್ಬಿನಲ್ಲಿ ಇನ್ವರ್ಟೇಸ್ ಎಂಬ ಕಿಣ್ವವು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು ಬೆಳವಣಿಗೆಗೆ ಒದಗಿಸುತ್ತದೆ. ಕಬ್ಬು ಬಲಿತಂತೆ ಕಿಣ್ವದ ಕೆಲಸ ತಗ್ಗುತ್ತದೆ, ಭಂಡಾರ ತುಂಬುತ್ತದೆ.

ಕಟಾವಾದೊಡನೆ ಈ ಮನೆವಾರ್ತೆ ಕೆಡತೊಡಗುತ್ತದೆ. ಜಲ್ಲೆ ಒಣಗಿದಂತೆ ಇನ್ವರ್ಟೇಸ್ ಮತ್ತೆ ಚುರುಕಾಗುತ್ತದೆ. ಕತ್ತಿ ತಗುಲಿದ ತುದಿಯಲ್ಲಿ ಕೋಶಗಳ ಗೋಡೆಯೊಡೆದು ರಸ ಹೊರಬರಲು, ಸೂಕ್ಷ್ಮಜೀವಿಗಳು ಅಲ್ಲಿಗೆ ನುಗ್ಗುತ್ತವೆ. ಒಡೆದುಹೋದ ಸಕ್ಕರೆ ಹರಳುಗಟ್ಟದು. ಅಂತಹ ರಸದ ಬೆಲ್ಲವೂ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲದೆ ಅಂಟಂಟಾಗುತ್ತದೆ.

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕನ್ನಂಬಾಡಿ ಕಟ್ಟೆಯ ನಾಲೆಯ ನೀರು ಕಬ್ಬಿನ ಗದ್ದೆಗಳನ್ನು ಹಬ್ಬಿಸಿತು. ಕಾರ್ಖಾನೆಯ ಅಂಗಳದಲ್ಲಾಗಲಿ ಆಲೆಮನೆಯ ಮುಂದಾಗಲಿ ಕಡಿದ ಕಬ್ಬಿನ ಗಾಡಿ ದಿನಗಟ್ಟಲೆ ಕಾದು ನಿಂತಿತೆಂದರೆ ರೈತನ ತೂಕವೂ ಇಳಿಯಿತು, ರಸದ ಸಿಹಿಯೂ ಇಳಿಯಿತು. ವರ್ಷದ ದುಡಿಮೆ ಹೀಗೆ ಕಣ್ಣಿಗೆ ಕಾಣದ ಕೋಣೆಗಳೊಳಗೆ ಸೋರಿಹೋಗುತ್ತದೆ. ಕಡಿದ ಕಬ್ಬನ್ನು ತಡಮಾಡದೆ ಅರೆಯಬೇಕೆಂಬ ಹಿರಿಯ ಬೇಸಾಯಗಾರರ ಆತುರಕ್ಕೆ ಕಾರಣವಿದೇ.

ಕೋಶದ ಪಾಠವನ್ನು ಬೋಧಿಸುವ ಉಪಾಧ್ಯಾಯರು ಹಲಗೆಯ ಚಿತ್ರದೊಡನೆ ಜಲ್ಲೆಯೊಂದನ್ನೂ ವಿದ್ಯಾರ್ಥಿಗಳ ಕೈಗಿತ್ತರೆ, ‘ರಸದಾನಿ’ ಎಂಬುದು ಬಾಯಿಪಾಠದ ಪದವಾಗಿ ಉಳಿಯದು. ಮನೆಯ ಗದ್ದೆಯ ಮಾತಾದೀತು. ಬೇರೆಬೇರೆ ಇರಬೇಕಾದುದು ಬೇರೆಯಾಗಿದ್ದು, ಕೂಡಬೇಕಾದಾಗ ಕೂಡುವುದೇ ಕೋಶದ ಬಾಳ್ವೆಯೆಂಬುದೂ ಅವರಿಗೆ ಮನವರಿಕೆಯಾದೀತು.