ರಜೆ ಎಣಿಸಬೇಡಿ, ಹಗಲು ಎಣಿಸಿ

ಪುಟ್ಟಿ, ಅಳಿಯಂದಿರೇ,

ನೀವಿಬ್ಬರೂ ಸೇರಿ ಬರೆದು ಕಳಿಸಿದ ಪಟ್ಟಿ ನೋಡಿದೆ. ಮ್ಯೂನಿಕ್‌ನಿಂದ ಬೆಂಗಳೂರು, ಅಲ್ಲಿಂದ ಅರಸೀಕೆರೆ, ಹಳೇಬೀಡು, ಬೇಲೂರು, ಶ್ರವಣಬೆಳಗೊಳ, ಚಿಕ್ಕಮಗಳೂರು, ಮೈಸೂರು, ಕೊನೆಗೆ ಹಂಪಿ. ಮದುವೆಯಾದ ಮೇಲೆ ಚಳಿಗಾಲದ ರಜೆಗೆ ಜೋಡಿಯಾಗಿ ಊರಿಗೆ ಬರುತ್ತಿರುವುದು ಇದೇ ಮೊದಲು. ಎಲ್ಲವನ್ನೂ ಒಂದೇ ಸಲಕ್ಕೆ ನೋಡಿಬಿಡಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಟಿಕೆಟ್ ಮಾಡಿಸುವ ಮುಂಚೆ ಹಿರಿಯನದೊಂದು ಮಾತು ಕೇಳಿ. ರಜೆ ಎಷ್ಟು ದಿನ ಸಿಕ್ಕಿತೆಂದು ಎಣಿಸಿ ಊರು ಸೇರಿಸುತ್ತಾ ಹೋಗಬೇಡಿ. ಹಗಲು ಎಷ್ಟು ಸಿಗುತ್ತದೆಂದು ಎಣಿಸಿ ಊರು ಆರಿಸಿಕೊಳ್ಳಿ.

ಮೊದಲು ಕ್ಯಾಲೆಂಡರ್ ನೋಡೋಣ. 2026ರಲ್ಲಿ ಕ್ರಿಸ್‌ಮಸ್ ಶುಕ್ರವಾರ ಬಿದ್ದಿದೆ. ನಿಮಗೆ ಡಿಸೆಂಬರ್ 25, 26 ಮತ್ತು ಜನವರಿ 1 ರಜೆ. ಬವೇರಿಯಾದವರಾದ್ದರಿಂದ ಜನವರಿ 6ಕ್ಕೂ ರಜೆ. ನಡುವೆ ಆರು ದಿನ ರಜೆ ಹಾಕಿದರೆ ಹದಿಮೂರು ದಿನ ಕೈಗೆ ಬರುತ್ತದೆ. ಇದು ನಿಮ್ಮ ಕಡೆಯ ಲೆಕ್ಕ. ನಮ್ಮ ಕಡೆ 25 ಶುಕ್ರವಾರ ಸರ್ಕಾರಿ ರಜೆ, 26 ನಾಲ್ಕನೇ ಶನಿವಾರ, 27 ಭಾನುವಾರ. ಹೀಗೆ ಮೂರು ದಿನ ಸಾಲಾಗಿ ರಜೆ ಬಂದರೆ ಬೆಂಗಳೂರಿಗೆ ಬೆಂಗಳೂರೇ ಹಾಸನ, ಚಿಕ್ಕಮಗಳೂರಿನ ಕಡೆ ಹೊರಡುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಗುಡಿಗಳ ಹೆಸರು ಇನ್ನಷ್ಟು ದೂರ ಹೋಗಿದೆ. ಆ ಮೂರು ದಿನ ಅಲ್ಲಿಗೆ ಹೋದರೆ ನೀವು ಕಲ್ಲು ನೋಡುವುದಿಲ್ಲ, ಮುಂದಿನವರ ಬೆನ್ನು ನೋಡುತ್ತೀರಿ.

ಆದ್ದರಿಂದ 25ಕ್ಕೆ ಅಲ್ಲಿಂದ ಹೊರಟು 26ಕ್ಕೆ ಬೆಂಗಳೂರಿನಲ್ಲಿ ಇಳಿಯಿರಿ. ಅಲ್ಲಿಂದ ರೈಲು ಹತ್ತಿ ನೇರ ಅರಸೀಕೆರೆಗೆ ಬನ್ನಿ. ಹುಬ್ಬಳ್ಳಿ ಕಡೆಗೂ ಹಾಸನ ಕಡೆಗೂ ದಾರಿ ಕವಲೊಡೆಯುವ ಜಂಕ್ಷನ್ ನಮ್ಮದು, ಗಾಡಿಗಳಿಗೆ ಕೊರತೆಯಿಲ್ಲ. 27 ಪೂರ್ತಿ ಮನೆಯಲ್ಲಿರಿ. ನಾಲ್ಕೂವರೆ ಗಂಟೆ ಹಿಂದಿರುವ ಊರಿಂದ ಬಂದ ದೇಹಕ್ಕೆ ಇಲ್ಲಿನ ಬೆಳಿಗ್ಗೆ ಒಗ್ಗಲು ಒಂದು ದಿನ ಬೇಕು. ಅವರೆಕಾಯಿ ಕಾಲ, ನಿಮ್ಮ ದೊಡ್ಡಮ್ಮ ಹಿತಕಿದವರೆ ಸಾರು ಮಾಡದೆ ಬಿಡುವವಳಲ್ಲ. ಸಂಜೆ ನಮ್ಮೂರಿನ ಈಶ್ವರ ದೇವಸ್ಥಾನಕ್ಕೆ ನಡೆದೇ ಹೋಗಿಬನ್ನಿ. 1220ರ ಹೊಯ್ಸಳ ಗುಡಿ ಅದು. ಮುಂದಿರುವ ಹದಿನಾರು ಮೂಲೆಯ ನಕ್ಷತ್ರಾಕಾರದ ಮಂಟಪದಲ್ಲಿ ಒಂದಿಷ್ಟು ಹೊತ್ತು ಕುಳಿತು ತಲೆಯೆತ್ತಿ ಛಾವಣಿ ನೋಡಿ. ಬೇಲೂರಿಗೆ ಹೊರಟವರು ಅರಸೀಕೆರೆಯಲ್ಲಿ ರೈಲು ಇಳಿದು ಇದನ್ನು ನೋಡದೇ ಹೋಗುತ್ತಾರೆ. ನಮ್ಮ ಮನೆ ಮಗಳು ಹಾಗೆ ಮಾಡಬಾರದು.

ಇನ್ನು ಹಗಲಿನ ಮಾತು. ಡಿಸೆಂಬರ್ ಕೊನೆಯಲ್ಲಿ ಮ್ಯೂನಿಕ್‌ನ ಹಗಲು ಸುಮಾರು ಎಂಟೂವರೆ ಗಂಟೆ, ಅದು ನಿಮಗೇ ಗೊತ್ತು. ಇಲ್ಲಿ ಹನ್ನೊಂದು ಗಂಟೆಗೂ ಹೆಚ್ಚು. ಆರೂಮುಕ್ಕಾಲರ ಸುಮಾರಿಗೆ ಹುಟ್ಟುವ ಸೂರ್ಯ ಆರು ದಾಟಿದ ಮೇಲೆ ಮುಳುಗುತ್ತಾನೆ. ಈ ದಿನಗಳಲ್ಲಿ ಅವನು ದಕ್ಷಿಣಕ್ಕೆ ವಾಲಿಕೊಂಡೇ ಸಾಗುವುದರಿಂದ ಗುಡಿಯ ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಪೂರ್ವದ ಗೋಡೆ ಬೆಳಿಗ್ಗೆ, ದಕ್ಷಿಣದ್ದು ನಡುಹಗಲಿನಲ್ಲಿ, ಪಶ್ಚಿಮದ್ದು ಇಳಿಹೊತ್ತಿನಲ್ಲಿ ಬೆಳಗುತ್ತದೆ. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲನ್ನು ಎಷ್ಟು ಆಳಕ್ಕೆ ಕೊರೆದಿದ್ದಾರೆ ಎಂಬುದು ಓರೆ ಬಿಸಿಲಿನಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ಒಂದು ಗುಡಿಗೆ ಒಂದು ಗಂಟೆ ಎಂದು ಹಂಚಿಕೊಂಡು ಓಡುವುದು ಬೇಡವೆನ್ನುತ್ತೇನೆ. ಒಂದೇ ಗುಡಿಯನ್ನು ಬೆಳಿಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ಸುತ್ತಿ. ಎರಡು ಬೇರೆ ಗುಡಿ ನೋಡಿದಂತಾಗುತ್ತದೆ.

28 ಸೋಮವಾರ ಬೆಳಕು ಹರಿಯುತ್ತಲೇ ಬಾಣಾವರ, ಜಾವಗಲ್ ದಾರಿಯಲ್ಲಿ ಹೊರಡಿ. ಹಳೇಬೀಡಿನ ಹೊಯ್ಸಳೇಶ್ವರ ಪೂರ್ವಕ್ಕೆ ಮುಖ ಮಾಡಿದ ಜೋಡಿ ಗುಡಿ. ವಿಷ್ಣುವರ್ಧನನ ಕಾಲದಲ್ಲಿ ಅವನ ಅಧಿಕಾರಿ ಕೇತಮಲ್ಲ ಕಟ್ಟಿಸಿದ್ದು. ಬೆಳಿಗ್ಗೆ ಎದುರಿನ ಭಾಗ, ಎರಡು ನಂದಿ ಮಂಟಪ, ತಳದ ಪಟ್ಟಿಕೆಯ ಆನೆ ಸಾಲು, ಅದರ ಮೇಲಿನ ಸಿಂಹ, ಬಳ್ಳಿ, ಕುದುರೆ ಸವಾರರ ಸಾಲು ನೋಡಿ. ಬಿಸಿಲೇರಿದ ಮೇಲೆ ಆವರಣದ ಸಂಗ್ರಹಾಲಯಕ್ಕೆ ಹೋಗಿ. ಶುಕ್ರವಾರ ಅದಕ್ಕೆ ರಜೆ, ಸೋಮವಾರ ಹೋಗಿ ಎನ್ನಲು ಅದೂ ಒಂದು ಕಾರಣ. ಮಧ್ಯಾಹ್ನ ಬಸ್ತಿಹಳ್ಳಿಯ ಬಸದಿಗಳಲ್ಲಿ ತಂಪಾಗಿರುತ್ತದೆ. 1133ರ ಪಾರ್ಶ್ವನಾಥ ಬಸದಿಯ ಕಂಬಗಳು ಮುಖ ಕಾಣುವಷ್ಟು ನುಣುಪು. ಪಕ್ಕದ ಕೇದಾರೇಶ್ವರವನ್ನೂ ನೋಡಿಕೊಂಡು ಮೂರು ಗಂಟೆಯ ನಂತರ ಮತ್ತೆ ಹೊಯ್ಸಳೇಶ್ವರಕ್ಕೆ ಬನ್ನಿ. ಪಶ್ಚಿಮದ ಗೋಡೆಯ ದೊಡ್ಡ ವಿಗ್ರಹಗಳಿಗೆ ಬಿಸಿಲು ಬರುವುದು ಆಗ. ಬಂದವರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಬೇಲೂರಿಗೆ ಹೊರಟುಬಿಟ್ಟಿರುತ್ತಾರೆ. ನೀವು ಹೊರಡಬೇಡಿ. ಬೇಲೂರು ಹದಿನಾರೇ ಕಿಲೋಮೀಟರ್, ಸಂಜೆಯಾದ ಮೇಲೆ ಹೋದರೂ ಆಯಿತು.

ರಾತ್ರಿ ಬೇಲೂರಿನಲ್ಲೇ ತಂಗಿ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ವೇಲಾಪುರಿ ಇದೆ, ಬೇರೆ ವಸತಿಗೃಹಗಳೂ ಇವೆ. ವರ್ಷದ ಕೊನೆಯ ವಾರವಾದ್ದರಿಂದ ಈಗಲೇ ಕೋಣೆ ಹೇಳಿಡಿ. 29ರ ಬೆಳಗಿನ ಜಾವ ಎದ್ದು ಗುಡಿಗೆ ಹೋಗಿ. ಧನುರ್ಮಾಸ, ದೇವರಿಗೆ ಬೇಗ ಪೂಜೆ. ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದ ಹಳೆಯ ಗುಡಿಯಾದರೂ ಇಂದಿಗೂ ಆರತಿ ನಡೆಯುವ ಜಾಗ. ಮೊದಲು ಕೈ ಮುಗಿಯಿರಿ, ಫೋಟೋ ಆಮೇಲೆ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ದರ್ಶನವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬೇಡಿ.

ಮದನಿಕೆಯರನ್ನು ನೋಡುವಾಗ ಅವಸರ ಬೇಡ. ಒಟ್ಟು 42 ಮಂದಿ, 38 ಹೊರಗೆ ಸೂರಿನಡಿ, ನಾಲ್ವರು ಒಳಗಿನ ನವರಂಗದಲ್ಲಿ. ಕೆಲವರ ಪೀಠದ ಮೇಲೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಲ್ಲಿ ಸಿಗುತ್ತಾರೆ. ತಂದೆ ಮಗ ಒಂದೇ ಗುಡಿಯಲ್ಲಿ ಉಳಿ ಹಿಡಿದು ನಿಂತ ಗುರುತು ಅದು. ಒಳ್ಳೆಯ ಗೈಡ್ ಒಬ್ಬರನ್ನು ಮಾಡಿಕೊಂಡು ಆ ಹೆಸರುಗಳನ್ನು ತೋರಿಸಲು ಕೇಳಿ. ಒಳಗೆ ಕತ್ತಲೆ. ಅವರು ಬೆಳಕು ಹಾಯಿಸಿದಾಗ ನರಸಿಂಹ ಕಂಬದ ಕುಸುರಿ ನೋಡಿ. ಗೈಡ್ ಹೋದ ಮೇಲೆ ನೀವಿಬ್ಬರೇ ಇನ್ನೊಂದು ಸುತ್ತು ಬನ್ನಿ. ಪುಟ್ಟಿಗೆ ಶಾಸನ ಓದುವ ಹಂಬಲ, ಅಳಿಯಂದಿರಿಗೆ ಕ್ಯಾಮೆರಾ. ಒಬ್ಬರು ಇನ್ನೊಬ್ಬರನ್ನು ಎಳೆಯದೆ ಅರ್ಧ ಗಂಟೆ ನಿಮ್ಮ ನಿಮ್ಮ ಪಾಡಿಗೆ ನೋಡಿ, ಆಮೇಲೆ ಕಂಡದ್ದನ್ನು ಒಬ್ಬರಿಗೊಬ್ಬರು ತೋರಿಸಿ. ಜೊತೆಯಲ್ಲಿ ಪ್ರವಾಸ ಮಾಡುವ ಸುಖ ಅದರಲ್ಲಿದೆ. ಕ್ಯಾಮೆರಾಕ್ಕೆ ಟ್ರೈಪಾಡ್ ಹಾಕಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಡ್ರೋನ್ ತರಲೇಬೇಡಿ.

30ಕ್ಕೆ ಹಿಂದಿರುಗುವಾಗ ಬೆಳವಾಡಿಯ ವೀರನಾರಾಯಣನನ್ನು ನೋಡಿಕೊಂಡು ಬನ್ನಿ. ಮೂರು ಗರ್ಭಗುಡಿಯ ವಿಶಾಲ ದೇವಸ್ಥಾನ, ಜನ ಕಡಿಮೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂದು ಊರಿನವರು ಹೇಳುತ್ತಾರೆ. 31ಕ್ಕೆ ಮಾತ್ರ ಎಲ್ಲಿಗೂ ಹೊರಡಬೇಡಿ. ಆ ರಾತ್ರಿಯ ರಸ್ತೆ ನನಗೆ ಇಷ್ಟವಿಲ್ಲ.

ಅಳಿಯಂದಿರೇ, ಕಾರು ನಾನೇ ಓಡಿಸುತ್ತೇನೆ ಎಂದಿದ್ದೀರಿ. ಬೇಡ. ರಸ್ತೆಯ ಬಲಬದಿಗೆ ಪಳಗಿದ ಕೈ ಎಡಬದಿಗೆ ಹೊಂದಿಕೊಳ್ಳಲು ದಿನ ಹಿಡಿಯುತ್ತದೆ. ಬೆಳಿಗ್ಗೆ ಮಂಜು, ದಾರಿಯುದ್ದಕ್ಕೂ ಒಕ್ಕಣೆಗೆ ಹರಡಿದ ರಾಗಿ, ಹುರುಳಿ. ಇಲ್ಲಿನ ಡ್ರೈವರ್ ಇರುವ ಕಾರು ಹೇಳೋಣ. ಕಿಲೋಮೀಟರ್ ದರ, ಡ್ರೈವರ್ ಬಾಟಾ, ರಾತ್ರಿ ತಂಗಿದರೆ ಎಷ್ಟು ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಅವರ ಊಟ, ನಿದ್ದೆಯ ಹೊತ್ತು ನಿಮ್ಮ ಹೊಣೆ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಟೋಪಿ, ಚಪ್ಪಲಿ ಬಿಟ್ಟು ತಣ್ಣನೆಯ ಕಲ್ಲು ತುಳಿಯಲು ದಪ್ಪ ಕಾಲುಚೀಲ ಇರಲಿ. ಬುತ್ತಿ ಇಲ್ಲಿಂದಲೇ ಕಟ್ಟಿಕೊಡುತ್ತೇವೆ.

ಹಂಪಿ, ಮೈಸೂರು, ಶ್ರವಣಬೆಳಗೊಳ, ಚಿಕ್ಕಮಗಳೂರು ಎಲ್ಲಿಗೂ ಓಡಿಹೋಗುವುದಿಲ್ಲ. ಹಂಪಿಗಂತೂ ಪ್ರತ್ಯೇಕ ಪ್ರವಾಸವೇ ಬೇಕು. ಅವುಗಳಿಂದ ಉಳಿಯುವ ಜನವರಿ 1ರಿಂದ 4ರವರೆಗಿನ ದಿನಗಳನ್ನು ದಾವಣಗೆರೆಯ ಬೀಗರ ಮನೆಗೆ ಕೊಡಿ. ಇಲ್ಲಿಂದ ಅದೇ ರೈಲು ಮಾರ್ಗ. ಮಗ ಸೊಸೆ ಬರುತ್ತಾರೆಂದು ಅವರೂ ದಿನ ಎಣಿಸುತ್ತಿದ್ದಾರೆ, ಅವರ ಪಾಲಿನ ದಿನಗಳನ್ನು ಪ್ರವಾಸ ತಿನ್ನಬಾರದು. 5ಕ್ಕೆ ವಿಮಾನ ಹತ್ತಿ, 6ರ ರಜೆಯನ್ನು ಅಲ್ಲಿ ಸುಧಾರಿಸಿಕೊಳ್ಳಲು ಇಟ್ಟುಕೊಳ್ಳಿ. ಹೊರಡುವ ಮುಂಚೆ ಪಾಸ್‌ಪೋರ್ಟ್ ಜೊತೆಗೆ ಜರ್ಮನಿಯ ವಾಸದ ಪರವಾನಗಿ ಕಾರ್ಡಿನ ಅವಧಿಯನ್ನೂ ನೋಡಿ. ಅದು ರಜೆಯ ನಡುವೆ ಮುಗಿಯುವಂತಿರಬಾರದು.

ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮುಂಚೆ ಕೊಡುತ್ತಾರೆ. 26ರ ಪ್ರಯಾಣದ ಸೀಟು ಅಕ್ಟೋಬರ್ 27ರ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಆಗ ನಿಮಗಲ್ಲಿ ರಾತ್ರಿ ಮೂರೂವರೆ. ನೀವು ನಿದ್ದೆ ಕೆಡಬೇಡಿ, ನಾನೇ ಸ್ಟೇಷನ್ನಿಗೆ ಹೋಗಿ ಮಾಡಿಸುತ್ತೇನೆ. ಪಾಸ್‌ಪೋರ್ಟಿನಲ್ಲಿರುವಂತೆ ಇಬ್ಬರ ಹೆಸರು, ವಯಸ್ಸು, ವಿಮಾನ ಇಳಿಯುವ ಹೊತ್ತು ಇಷ್ಟನ್ನು ಬರೆದು ಕಳಿಸಿ.

ನಿಮ್ಮ ದೊಡ್ಡಪ್ಪ